ಪುಟ್ಟನ ಮಾತ್ರೆ ವಿಷ್ಯ

ಮ್ಯಾಂಚೆಸ್ಟರ್, ಡಿಸೆಂಬರ್

ಅಮ್ಮಾ,

ಇಲ್ಲಿ ಎಲ್ಲಾ ಆರಾಮ್, ಚಳಿ ಜೋರಿದೆ, ನಾಲ್ಕು ಗಂಟೆಗೇ ಕತ್ಲಾಗತ್ತೆ. ಫೋನಲ್ಲಿ ಹೇಳಕ್ಕೆ ಹೋದ್ರೆ ನೀನು ಅರ್ಧಕ್ಕೇ ಅಳ್ತೀಯ, ಅಪ್ಪಯ್ಯ ಆಯ್ತಾಯ್ತು ಅಂತ ಫೋನ್ ಇಟ್ಬಿಡ್ತಾರೆ, ಅದಕ್ಕೇ ಟೈಪ್ ಮಾಡಿ ಕಳಿಸ್ತಿದೀನಿ. ಕನ್ನಡಕ ಸಿಗ್ಲಿಲ್ಲ ಅಂತ ಬಿಡ್ಬೇಡ, ಚಿಕ್ಕಮ್ಮನ ಹತ್ರ ಓದಿಸ್ಕೋ.

ಭಾನುವಾರ ಪುಟ್ಟ ಬಾಯ್ಬಿಟ್ಟ. ಎಂಟು ತಿಂಗ್ಳಿಂದ ಫಿಟ್ಸ್ ಬಂದಿಲ್ಲ ಅಂತ ಮಾತ್ರೆ ದಿನ ಬಿಟ್ಟು ದಿನ ತಗೊಳ್ತಿದಾನಂತೆ, ಮೆತ್ತಿನ ಮೇಲೆ ಒಬ್ನೇ ಮಲಗ್ತಿದಾನಂತೆ, ಅಡಿಕೆ ಸುಲಿಯೋದು ಶುರುವಾಗಿ ರಾತ್ರಿ ಒಂದು ಗಂಟೆ ಆಗ್ತಿದೆಯಂತೆ. ಮೂರೂ ಒಟ್ಟಿಗೆ ಕೇಳಿ ನಂಗೆ ಎದೆ ಧಸಕ್ ಅಂತು.

ಯಾಕಂದ್ರೆ ನನ್ನ ಜೊತೆ ಮನೇಲಿರೋ ಹುಡುಗಂಗೂ ಫಿಟ್ಸ್ ಇದೆ, ಹೋದ ತಿಂಗ್ಳು ಅವನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಇಲ್ಲಿ ಫಿಟ್ಸಿಗೆ ಅಂತಲೇ ನರ್ಸ್ ಇರ್ತಾರೆ. ಆಯಮ್ಮ ಮೊದ್ಲು ಕೇಳಿದ್ದೇ "ರಾತ್ರಿ ಬಂದ್ರೆ ಯಾರಿಗೆ ಕೇಳ್ಸತ್ತೆ?" ಅಂತ. ಆಮೇಲೆ ಸುತ್ತಿ ಬಳಸದೆ ಹೇಳಿದ್ರು, ಫಿಟ್ಸ್ ಇರೋರಲ್ಲಿ ಕೆಲವ್ರು ಮಲಗಿದ್ದಲ್ಲೇ ಹೋಗ್ಬಿಡ್ತಾರೆ, ಸುಡೆಪ್ ಅಂತಾರಂತೆ ಅದಕ್ಕೆ. ಹನ್ನೊಂದು ವರ್ಷದಿಂದ ಪುಟ್ಟನ್ನ ಕರ್ಕೊಂಡು ಬಸ್ ಹತ್ತಿ ಇಳಿದಿದೀವಲ್ಲ, ಒಬ್ಬ ಡಾಕ್ಟ್ರೂ ಈ ಮಾತು ಎತ್ತಿರ್ಲಿಲ್ಲ. ಹೆದರ್ಸೋದು ಬೇಡ ಅಂತಿರ್ಬೋದು, ನಂಗಂತೂ ಸಿಟ್ಟೇ ಬಂತು. ಅವತ್ತಿಂದ ನಾವಿಬ್ರೂ ರೂಮ್ ಬಾಗ್ಲು ತೆಕ್ಕೊಂಡೇ ಮಲಗ್ತೀವಿ.

ಅಳ್ಬೇಡ, ಲೆಕ್ಕ ಕೇಳು. ಫಿಟ್ಸ್ ಇರೋ ದೊಡ್ಡೋರು 1000 ಜನ ಇದ್ರೆ ವರ್ಷಕ್ಕೆ ಸುಮಾರು 1 ಜನ ಹೀಗೆ ಹೋಗ್ತಾರೆ, ಮಕ್ಕಳಲ್ಲಿ 4500ಕ್ಕೆ 1. ಆದ್ರೆ ಎಲ್ಲರಿಗೂ ಒಂದೇ ಸಮ ಅಲ್ಲ, ಪುಟ್ಟಂಗೆ ಬರೋ ಥರ ಮೈಯೆಲ್ಲಾ ಸೆಟೆದು ಅದುರೋ ದೊಡ್ಡ ಫಿಟ್ಸ್ ವರ್ಷಕ್ಕೆ 3 ಇಲ್ಲಾ ಜಾಸ್ತಿ ಬಂದ್ರೆ ಅಪಾಯ ಸುಮಾರು 15 ಪಟ್ಟು. ಬರ್ಲಿಲ್ಲ ಅಂದ್ರೆ ತುಂಬಾನೇ ಕಮ್ಮಿ. ಎಂಟು ತಿಂಗ್ಳು ಬಂದಿಲ್ಲ ಅಂದ್ರೆ ವಾಸಿಯಾಗಿದೆ ಅಂತಲ್ಲ ಅಮ್ಮಾ, ಮಾತ್ರೆ ಹಿಡ್ಕೊಂಡಿದೆ ಅಂತ.

ಆಸ್ಪತ್ರೇಲಿ ವಿಡಿಯೋ, ವೈರು ಎಲ್ಲಾ ಹಾಕಿ ಮಲಗಿಸಿದ್ದಾಗಲೇ ಹೀಗಾದವರ ರೆಕಾರ್ಡಿಂಗ್ ಒಟ್ಟು ಮಾಡಿ 2013ರಲ್ಲಿ ಒಂದು ಸ್ಟಡಿ ಬಂದಿದೆ. ದೊಡ್ಡ ಫಿಟ್ಸ್ ನಿಂತಿದೆ, ಆಮೇಲೆ ಕೆಲವೇ ನಿಮಿಷದಲ್ಲಿ ಉಸಿರು ನಿಂತಿದೆ, ಅದಾದ್ಮೇಲೆ ಹೃದಯ. ಹೆಚ್ಚಿನವ್ರು ಬೋರಲು ಬಿದ್ದಿದ್ರಂತೆ. ನಾವು ಅದುರೋದು ನಿಂತ ತಕ್ಷಣ ಸದ್ಯ ಮುಗೀತು ಅಂತ ಎದ್ದು ಕಾಫಿ ಇಡಕ್ಕೆ ಹೋಗ್ತಿದ್ವಲ್ಲ, ಆಗಲೇ ಪಕ್ಕದಲ್ಲಿ ಇರ್ಬೇಕಿದ್ದಿದ್ದು. ಮಗ್ಗುಲಿಗೆ ಹೊರಳಿಸ್ಬೇಕು, ಭುಜ ತಟ್ಟಿ ಕರೀತಿರ್ಬೇಕು, ಉಸಿರಾಡ್ತಿದಾನಾ ನೋಡ್ತಿರ್ಬೇಕು.

ಮೂರು ವರ್ಷದ ಹಿಂದೆ ಚಪ್ಪರದಲ್ಲಿ ಸುಲಿಯುವಾಗ ಬಿದ್ನಲ್ಲ, ನೆನಪು ಮಾಡ್ಕೋ. ತಲೆಯಿಂದ ಒಂದು ಗೇಣು ದೂರದಲ್ಲಿ ಮೆಟ್ಟುಗತ್ತಿ. ಅಪ್ಪಯ್ಯ ಬೀಗದ ಕೈ ಗೊಂಚಲು ಕೈಗಿಟ್ರು, ಅಜ್ಜಿ ಈರುಳ್ಳಿ ಹಿಡಿದ್ರು, ನಾನು ಓದಿದೋಳು ಬಾಯಿಗೆ ಚಮಚ ತುರುಕಕ್ಕೆ ಹೋದೆ. ಕೆಲ್ಸಕ್ಕೆ ಬಂದಿದ್ದ ಗಿರಿಜಕ್ಕ ಮಾತ್ರ ಸುಮ್ನೆ ಬಂದು ಕತ್ತಿ ಆಚೆ ಎಳೆದು, ಸೀರೆ ಸೆರಗು ಮಡಚಿ ಅವನ ತಲೆ ಕೆಳಗಿಟ್ರು. ಅಷ್ಟು ಜನದಲ್ಲಿ ಸರಿ ಮಾಡಿದ್ದು ಅವ್ರೊಬ್ರೇ.

ಈಗ ಪುಟ್ಟ ಕೆಳಗೆ ನಡುಮನೇಲಿ ಅಪ್ಪಯ್ಯನ ಹತ್ರ ಮಲಗ್ಲಿ. ಹತ್ತು ಗಂಟೆಗೆ ಸುಲಿಯೋದು ಬಿಟ್ಟು ಏಳ್ಲಿ, ನಿದ್ದೆಗೆಟ್ರೆ ಫಿಟ್ಸ್ ಬರತ್ತೆ, ಬೆಳಗಿನ ತನಕ ಯಕ್ಷಗಾನದ ಆಟ ನೋಡೋದೂ ಈ ವರ್ಷ ಬೇಡ (ಮುಖ ಊದಿಸ್ಕೊಳ್ತಾನೆ, ಊದಿಸ್ಕೊಳ್ಲಿ). ಕೆರೆಗೆ ಒಬ್ನೇ ಈಜಕ್ಕೆ ಹೋಗ್ಬಾರ್ದು. ಬಚ್ಚಲ ಚಿಲಕ ಕಿತ್ತಾಕ್ಸು, ಒಲೆ ಉರೀತಿರತ್ತೆ, ಹಂಡೆ ಕುದೀತಿರತ್ತೆ, ಒಳಗೆ ಬಿದ್ರೆ ಯಾರಿಗೆ ಗೊತ್ತಾಗತ್ತೆ. ಐದು ನಿಮಿಷ ಆದ್ರೂ ಅದುರೋದು ನಿಲ್ಲಿಲ್ಲ ಅಂದ್ರೆ 108. ನಮ್ಮ ಘಟ್ಟದ ರೋಡಲ್ಲಿ ಅದು ಬರೋ ಹೊತ್ತಿಗೆ ಏನಾಗತ್ತೋ, ಅದಕ್ಕೇ ಫಿಟ್ಸ್ ನಿಲ್ಸಕ್ಕೆ ಮೂಗಿಗೆ ಹೊಡೆಯೋ ಮಿಡಜೋಲಮ್ ಅನ್ನೋ ಔಷಧಿ ಸ್ಪ್ರೇ ಮನೇಲಿಡ್ಬೋದಾ ಅಂತ ಡಾಕ್ಟ್ರನ್ನ ಕೇಳಿ. ಮಾತ್ರೆ ತಪ್ಪಿಸಿದ್ದೂ ಮುಚ್ಚಿಡ್ದೆ ಹೇಳ್ಬೇಕು, ಬಿಟ್ಟಿದ್ದನ್ನೆಲ್ಲಾ ಒಟ್ಟಿಗೆ ನುಂಗೋದು ಬೇಡ.

ಮತ್ತೆ, ಊರೋರಿಗೆ ಗೊತ್ತಾದ್ರೆ ಹೆಣ್ಣು ಸಿಗಲ್ಲ ಅಂತ ನೀನು ಮಾತ್ರೆ ಚೀಟಿನ ಅಕ್ಕಿ ಡಬ್ಬದಲ್ಲಿಡೋದು ಬಿಡು. ಮದುವೆಗೆ ಅಡ್ಡಿ ಅಂತ ಮದುವೆ ಕಾನೂನಲ್ಲಿದ್ದ ಈ ಕಾಯಿಲೆ ಹೆಸರನ್ನ 1999ರಲ್ಲೇ ತೆಗ್ದಿದಾರೆ. ಚಪ್ಪರದಲ್ಲಿ ಕೂತಿರೋ ಅಷ್ಟೂ ಜನಕ್ಕೆ ಗೊತ್ತಿದ್ರೇ ಒಳ್ಳೇದು.

ಪುಟ್ಟಂಗೂ ಇದನ್ನ ಓದಕ್ಕೆ ಕೊಡು, ಇಪ್ಪತ್ನಾಲ್ಕು ವರ್ಷ, ಅವನ ಜೀವದ ವಿಷ್ಯ ಅವನಿಗೇ ಗೊತ್ತಿಲ್ದೆ ಇರೋದು ಸರಿ ಅಲ್ಲ. ಏಳು ಖಾನೆ ಇರೋ ಮಾತ್ರೆ ಡಬ್ಬ ಮೆಡಿಕಲ್ ಶಾಪಲ್ಲಿ ಸಿಗತ್ತೆ, ತರ್ಸು. ಪ್ರತಿ ಭಾನುವಾರ ರಾತ್ರಿ ಖಾಲಿ ಡಬ್ಬದ ಫೋಟೋ ನಂಗೆ ವಾಟ್ಸಾಪ್ ಬರ್ಬೇಕು ಅಂತ ಹೇಳು ಅವನಿಗೆ, ಬರ್ಲಿಲ್ಲ ಅಂದ್ರೆ ನಾನು ಗಿರಿಜಕ್ಕಂಗೇ ಫೋನ್ ಮಾಡ್ತೀನಿ.

ನಿನ್ನ ಮಗಳು