ರೆಸಿಫೆಯ ಬಂಡೆಸಾಲು ಕಾಯುವುದು ನೀರು ಇಳಿದಾಗ ಮಾತ್ರ

ಸಂಪಾದಕರಿಗೆ,

ಬ್ರೆಜಿಲ್ ಪ್ರವಾಸದ ಬರಹಗಳಲ್ಲಿ ರೆಸಿಫೆ ನಗರದ ಬೋವಾ ವಿಯಾಜೆಂ ಕಡಲತೀರದ ಚಿತ್ರ ಮತ್ತೆ ಮತ್ತೆ ಕಾಣಿಸುತ್ತದೆ. ಒಂದು ಬದಿಗೆ ಎತ್ತರದ ಕಟ್ಟಡಗಳ ಸಾಲು, ಅದರ ಮುಂದೆ ತೆಂಗು, ಮರಳು, ಮರಳಿಗೆ ತಾಗಿದಂತೆ ತಿಳಿನೀರಿನ ಹೊಂಡಗಳು, ಅವುಗಳಾಚೆ ಕಪ್ಪು ಬಂಡೆಗಳ ಗೆರೆ. ಬಂಡೆ ಅಲೆಯನ್ನು ತಡೆಯುವುದರಿಂದ ಮಕ್ಕಳಿಗೂ ಭಯವಿಲ್ಲ ಎಂಬರ್ಥದ ಮಾತೂ ಜೊತೆಗಿರುತ್ತದೆ. ಆ ಮಾತು ದಿನದ ಕೆಲವೇ ಗಂಟೆಗಳ ಮಟ್ಟಿಗೆ ನಿಜ. ಆ ಕಡಲಲ್ಲಿ ಶಾರ್ಕ್‌ಗಳಿರುವುದರಿಂದ ಉಳಿದ ಗಂಟೆಗಳಲ್ಲಿ ಅದನ್ನು ನಂಬಿ ನೀರಿಗಿಳಿಯುವುದು ಪ್ರಾಣಕ್ಕೆ ಅಪಾಯ. ಇದನ್ನು ಬಿಡಿಸಿ ಹೇಳುವವರು ಕಡಿಮೆಯೆಂದು ಈ ಪತ್ರ.

ರೆಸಿಫೆ ಎಂಬ ಹೆಸರೇ ಬಂಡೆಸಾಲಿನಿಂದ ಬಂದದ್ದು. (ಅಲ್ಲಿಯವರ ಬಾಯಲ್ಲಿ ಅದು ‘ಹೆಸಿಫಿ’. ಟ್ಯಾಕ್ಸಿಯವರಿಗೆ ಹಾಗೆ ಹೇಳಿದರೆ ಬೇಗ ತಿಳಿಯುತ್ತದೆ.) ಹಳೆಯ ಕಾಲದ ತೀರದ ಮರಳು ಸುಣ್ಣದಂಶದಿಂದ ಬೆಸೆದುಕೊಂಡು ಕಲ್ಲಾಗಿ, ದಡಕ್ಕೆ ಸಮಾನಾಂತರವಾಗಿ ನಿಂತಿದೆ. ಆದರೆ ಅದು ಕೋಟೆಗೋಡೆಯಂತೆ ಅಖಂಡವಲ್ಲ. ಬೋವಾ ವಿಯಾಜೆಂನ ಕೆಲವು ಭಾಗಗಳಲ್ಲಿ ದಡದ ಹತ್ತಿರವೇ ಎತ್ತರವಾಗಿದೆ, ಕೆಲವು ಕಡೆ ತಗ್ಗಿ ನೀರಿನಡಿ ಸೇರಿದೆ, ನಡುನಡುವೆ ಬಾಯಿ ಬಿಟ್ಟಿದೆ. ನೀರು ಏರಿದಾಗ ಎತ್ತರದ ಭಾಗವೂ ಮುಳುಗುತ್ತದೆ. ಆಗ ಹೊಂಡಕ್ಕೂ ತೆರೆದ ಕಡಲಿಗೂ ನಡುವೆ ಏನೂ ಉಳಿಯುವುದಿಲ್ಲ. ಶಾರ್ಕ್ ಮೀನು ಬಂಡೆಯ ಮೇಲಿಂದಲೇ ಈಚೆ ಬರಬಲ್ಲದು.

ಹಾಗಾಗಿ ಅಲ್ಲಿ ಸ್ನಾನಕ್ಕೆ ನೋಡಬೇಕಾದದ್ದು ಉಬ್ಬರ–ಇಳಿತದ ಪಟ್ಟಿಯನ್ನು. ಬ್ರೆಜಿಲ್ ನೌಕಾಪಡೆ ರೆಸಿಫೆ ಬಂದರಿಗೆ ಪ್ರತಿ ವರ್ಷದ ಪಟ್ಟಿ ಪ್ರಕಟಿಸುತ್ತದೆ, ಹೋಟೆಲಿನಲ್ಲಿ ಕೇಳಿದರೂ ಹೇಳುತ್ತಾರೆ. ಕಲಿಯಬೇಕಾದ ಪೋರ್ಚುಗೀಸ್ ಪದ ಒಂದೇ: ‘ಮರೆ’, ಅಂದರೆ ಉಬ್ಬರ–ಇಳಿತ. ‘ಮರೆ ಬೈಶಾ’ ಎಂದರೆ ನೀರು ಇಳಿದ ಹೊತ್ತು, ‘ಮರೆ ಆಲ್ತಾ’ ಎಂದರೆ ಏರಿದ ಹೊತ್ತು. ನಮ್ಮ ಭಾಷೆಯಲ್ಲಿ ಮರೆ ಎಂದರೆ ಆಸರೆ. ಅಲ್ಲಿ ಆಸರೆ ಸಿಗುವುದು ‘ಮರೆ ಬೈಶಾ’ದಲ್ಲಿ ಮಾತ್ರ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಸಾಲುಗಳಿರುತ್ತವೆ: ಗಂಟೆ ಮತ್ತು ಮೀಟರ್‌ನಲ್ಲಿ ನೀರಿನ ಎತ್ತರ. ಒಂದು ಮಾದರಿ ದಿನ ತೆಗೆದುಕೊಳ್ಳೋಣ: ಬೆಳಿಗ್ಗೆ 4ಕ್ಕೆ 2.3, 10ಕ್ಕೆ 0.2, ಸಂಜೆ 4ರ ಸುಮಾರಿಗೆ 2.3, ರಾತ್ರಿ 10ರ ನಂತರ ಮತ್ತೆ 0.2. ಹತ್ತು ಗಂಟೆಯ ಹೊತ್ತಿಗೆ ಬಂಡೆ ಪೂರ್ತಿ ಹೊರಗೆ ನಿಂತು ಹೊಂಡಗಳು ಬೇರೆಯಾಗುತ್ತವೆ. ನಾಲ್ಕಕ್ಕೆ ಅದೇ ಜಾಗದಲ್ಲಿ ಎರಡು ಮೀಟರಿಗೂ ಹೆಚ್ಚು ನೀರು ಏರಿರುತ್ತದೆ. ಮಂಗಳೂರು, ಮಲ್ಪೆಗಳಲ್ಲಿ ನಾವು ಕಾಣುವ ಏರಿಳಿತಕ್ಕಿಂತ ಇದು ದೊಡ್ಡದು. ನಮ್ಮ ಕರಾವಳಿಯ ಅಂದಾಜು ಅಲ್ಲಿಗೆ ಸಾಲದು.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಹಡಗಿನವರು ಬಳಸುವ ಹನ್ನೆರಡನೇ ಭಾಗದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಳಿತದ ನಂತರದ ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಭಾಗ, ಎರಡನೆಯದರಲ್ಲಿ ಎರಡು ಭಾಗ, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಭಾಗ. ಮೇಲಿನ ದಿನಕ್ಕೆ ಅನ್ವಯಿಸಿದರೆ 10ರಿಂದ 11ರವರೆಗೆ ಏರುವುದು 18 ಸೆಂಟಿಮೀಟರ್ ಅಷ್ಟೇ, ನೀರು ನಿಂತೇ ಇದೆ ಅನ್ನಿಸುತ್ತದೆ. 11ರಿಂದ 12ರೊಳಗೆ 35. 12ರಿಂದ 1ರೊಳಗೆ ಅರ್ಧ ಮೀಟರಿಗೂ ಮೇಲೆ. ಮೊದಲ ಗಂಟೆಯ ನೆಮ್ಮದಿಯಲ್ಲಿ ಮೈಮರೆತವರು ಮೂರನೆಯ ಗಂಟೆಯಲ್ಲಿ ಸಿಕ್ಕಿಬೀಳುತ್ತಾರೆ. ಆದ್ದರಿಂದ ಇಳಿತದ ಗಳಿಗೆಗೆ ಒಂದೂವರೆ ಗಂಟೆ ಮುಂಚೆ ನೀರಿಗಿಳಿದು, ಇಳಿತ ಮುಗಿದ ಒಂದು ಗಂಟೆಯೊಳಗೆ ಮೇಲೆ ಬರಬೇಕು. ಬಂಡೆಯ ತಲೆಯ ಮೇಲಿಂದ ಮೊದಲ ಅಲೆ ಹಾದು ಹೊಂಡಕ್ಕೆ ಬಿದ್ದರೆ ಗಡಿಯಾರವನ್ನೂ ನೋಡಬೇಡಿ, ಮಕ್ಕಳನ್ನು ಕರೆದುಕೊಂಡು ಹೊರಡಿ.

ಇನ್ನು ಪಂಚಾಂಗದ ಮಾತು. ಅಲ್ಲಿನ ಎಚ್ಚರಿಕೆಯ ಫಲಕಗಳು ಹುಣ್ಣಿಮೆ, ಅಮಾವಾಸ್ಯೆಗಳ ಉಬ್ಬರದಲ್ಲಿ ನೀರಿಗಿಳಿಯಬೇಡಿ ಎನ್ನುತ್ತವೆ. ಹೊಂಡಗಳು ಅತ್ಯಂತ ಚೆನ್ನಾಗಿ ಮೂಡುವುದೂ ಅದೇ ದಿನಗಳಲ್ಲಿ. ಇದನ್ನು ಓದಿ ಗಲಿಬಿಲಿಗೊಳ್ಳುವವರಿದ್ದಾರೆ. ಎರಡೂ ಸರಿಯೇ: ಆ ದಿನಗಳಲ್ಲಿ ನೀರು ಹೆಚ್ಚು ಇಳಿಯುತ್ತದೆ, ಹೆಚ್ಚು ಏರುತ್ತದೆ. ರೆಸಿಫೆಯಲ್ಲಿ ಹುಣ್ಣಿಮೆ–ಅಮಾವಾಸ್ಯೆಗಳ ಇಳಿತ ಬೆಳಿಗ್ಗೆ 10ರ ಆಸುಪಾಸಿಗೆ ಬೀಳುತ್ತದೆ, ಅದು ನಮಗೆ ಅನುಕೂಲದ ಹೊತ್ತು. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಅಷ್ಟಮಿಯ ಹೊತ್ತಿಗೆ ಇಳಿತ ನಸುಕಿಗೂ ಸಂಜೆ 4ರ ನಂತರಕ್ಕೂ ಸರಿಯುತ್ತದೆ. ಅಷ್ಟೇ ಅಲ್ಲ, ಅಷ್ಟಮಿಯ ಇಳಿತದಲ್ಲಿ ನೀರು ಸಾಕಷ್ಟು ಇಳಿಯುವುದೂ ಇಲ್ಲ, ಬಂಡೆ ಅರೆಬರೆ ಕಾಣುತ್ತದೆ. ಅಂಥ ದಿನ ಸ್ನಾನ ಬೇಡ. ನಸುಕು ಮತ್ತು ಮುಸ್ಸಂಜೆ ಶಾರ್ಕ್ ಬೇಟೆಯ ಹೊತ್ತೂ ಹೌದು. ಟಿಕೆಟ್ ಕಾದಿರಿಸುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯಿಂದ ಮುಂದಿನ ಮೂರು ದಿನ ರೆಸಿಫೆಯಲ್ಲಿರುವಂತೆ ಯೋಜಿಸಿದರೆ ಅರ್ಧ ಕೆಲಸ ಮುಗಿದಂತೆ. ನಿಖರವಾದ ಗಂಟೆಗೆ ಮಾತ್ರ ನೌಕಾಪಡೆಯ ಪಟ್ಟಿಯೇ ಪ್ರಮಾಣ.

ಶಾರ್ಕ್ ಭಯ ಉತ್ಪ್ರೇಕ್ಷೆ ಎನ್ನುವವರಿಗೆ ಒಂದೆರಡು ಮಾತು. ರೆಸಿಫೆ ಇರುವ ಪೆರ್ನಾಂಬುಕು ರಾಜ್ಯದಲ್ಲಿ 1992ರಿಂದ ಈಚೆಗೆ 70ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿವೆ, 25ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹೆಚ್ಚಿನವು ರೆಸಿಫೆ ಮತ್ತು ಅದಕ್ಕೆ ಅಂಟಿಕೊಂಡ ತೀರದಲ್ಲೇ ಆದವು. ದಕ್ಷಿಣಕ್ಕೆ ಸುವಾಪೆ ಬಂದರು ಕಟ್ಟಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನಾಶವಾಗಿ, ನದೀಮುಖದ ಸ್ವರೂಪವೇ ಬದಲಾಗಿ, ಮರಿ ಹಾಕಲು ಅಳಿವೆಗಳನ್ನು ಆಶ್ರಯಿಸುವ ಬುಲ್ ಶಾರ್ಕ್‌ಗಳು ಉತ್ತರಕ್ಕೆ ಸರಿದವು ಎಂಬುದು ಸಂಶೋಧಕರು ಮುಂದಿಡುವ ಮುಖ್ಯ ಕಾರಣ. ದಡದ ಸಮೀಪವೇ ಹಾದುಹೋಗುವ ಆಳದ ಕಾಲುವೆ ಅವುಗಳಿಗೆ ದಾರಿಯಾಗಿದೆ. ಟೈಗರ್ ಶಾರ್ಕ್‌ಗಳೂ ಇವೆ. 1999ರ ರಾಜ್ಯ ಆದೇಶ ಈ ತೀರದಲ್ಲಿ ಸರ್ಫಿಂಗ್ ನಿಷೇಧಿಸಿತು. 2004ರಲ್ಲಿ ಇದಕ್ಕೆಂದೇ ಸೆಮಿಟ್ ಎಂಬ ಸರ್ಕಾರಿ ಸಮಿತಿ ರಚನೆಯಾಯಿತು.

ಜಾಗದ ಆಯ್ಕೆಯೂ ಸಮಯದಷ್ಟೇ ಮುಖ್ಯ. ಬೋವಾ ವಿಯಾಜೆಂನಿಂದ ದಕ್ಷಿಣಕ್ಕೆ ನಡೆಯುತ್ತ ಹೋದರೆ ಗಡಿಯೇ ತಿಳಿಯದಂತೆ ಪಿಯೆದಾದಿ ತೀರ ಸಿಗುತ್ತದೆ, ಅದು ಪಕ್ಕದ ಜಬೊವಾತಾಂವ್ ಊರಿನದು. ಮರಳು ಒಂದೇ ಥರ, ಕಡಲು ಬೇರೆ. ಅಲ್ಲಿನ ಪುಟ್ಟ ಹಳೆಯ ಚರ್ಚಿನ ಎದುರು ಬಂಡೆಯ ಆಸರೆಯಿಲ್ಲ, ದಡದ ಹತ್ತಿರವೇ ಆಳವಿದೆ. ಇಡೀ ತೀರದಲ್ಲಿ ಅತಿ ಹೆಚ್ಚು ದಾಳಿಗಳಾದ ತಾಣಗಳಲ್ಲಿ ಅದೂ ಒಂದು. ಸ್ಥಳೀಯ ಆಡಳಿತ ಅಲ್ಲಿ ಸ್ನಾನ ನಿಷೇಧಿಸಿದೆ. 2023ರ ಮಾರ್ಚ್‌ನಲ್ಲಿ ಪಿಯೆದಾದಿಯಲ್ಲಿ ಎರಡು ದಿನ ಸತತವಾಗಿ ಹದಿಹರೆಯದವರ ಮೇಲೆ ದಾಳಿಯಾಯಿತು. ಬೆಳಗಿನ ನಡಿಗೆಗೆ ಹೊರಟವರು ಬಿಸಿಲು ಹೆಚ್ಚಾಯಿತೆಂದು ಕೈಗೆ ಸಿಕ್ಕ ಕಡೆ ನೀರಿಗಿಳಿಯುವುದು ಅದಕ್ಕಾಗಿಯೇ ಸಲ್ಲದು.

ಬೋವಾ ವಿಯಾಜೆಂನಲ್ಲಿಯೇ ಬಂಡೆ ಬಾಯಿ ಬಿಟ್ಟ ಕಡೆ ಇನ್ನೊಂದು ಅಪಾಯ ಕಾದಿದೆ. ಬಂಡೆ ದಾಟಿ ಒಳಬಿದ್ದ ನೀರೆಲ್ಲ ಹೊರಹೋಗುವುದು ಆ ಬಾಯಿಯಿಂದ. ಮೇಲ್ನೋಟಕ್ಕೆ ಅಲ್ಲಿ ಅಲೆ ಕಡಿಮೆ, ನೀರು ಶಾಂತ. ಈಜು ಬಾರದವರು ಅದನ್ನೇ ಆರಿಸಿಕೊಳ್ಳುವುದು ಈ ಕಾರಣಕ್ಕೆ. ಸೆಳೆತ ಇರುವುದೂ ಅಲ್ಲೇ. 2013ರ ಜುಲೈನಲ್ಲಿ ಬೋವಾ ವಿಯಾಜೆಂನಲ್ಲಿ ಶಾರ್ಕ್ ಕಚ್ಚಿ ಸತ್ತ ಪ್ರವಾಸಿ ಯುವತಿಯನ್ನು ಮೊದಲು ಹಿಡಿದದ್ದು ಸೆಳೆತವೇ. ಸೆಳೆತಕ್ಕೆ ಸಿಕ್ಕರೆ ದಡದತ್ತ ಎದುರೀಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಅಲೆ ಒಡೆಯುವ ಕಡೆಯಿಂದ ಬರಬೇಕು, ಕೈ ಎತ್ತಿ ‘ಸೊಕೊಹು’ ಎಂದು ಕೂಗಬೇಕು. ಕಾಪಾಡಿ ಎಂಬುದಕ್ಕೆ ಅಲ್ಲಿಯ ಮಾತು ಅದು.

ನೀರಿಗಿಳಿಯುವ ಮೊದಲು ಜೀವರಕ್ಷಕ ಗಾರ್ಡ್ ಇರುವ ಕಟ್ಟೆಯ ಹತ್ತಿರದ ಹೊಂಡವನ್ನೇ ಆರಿಸಿ, ಅವರಿಗೆ ಕೈಸನ್ನೆಯಲ್ಲಾದರೂ ತೋರಿಸಿ ಕೇಳಿ. ಸೊಂಟದ ಮೇಲೆ ನೀರು ಬೇಡ. ಗುಂಪಿನಲ್ಲಿರಿ. ಮೈಮೇಲೆ ಗಾಯವಿದ್ದರೆ, ರಕ್ತ ಬರುತ್ತಿದ್ದರೆ, ಕುಡಿದಿದ್ದರೆ ಇಳಿಯಬೇಡಿ. ಚಿನ್ನದ ಸರ, ಬಳೆ, ಕಾಲ್ಗೆಜ್ಜೆ ಕಳಚಿ ಹೋಟೆಲಿನಲ್ಲಿ ಬಿಡಿ: ಹೊಳೆಯುವ ವಸ್ತು ಶಾರ್ಕ್‌ಗೆ ಮೀನಿನ ಹುರುಪೆಯಂತೆ ತೋರುತ್ತದೆ, ಮರಳಿನ ಮೇಲೆ ಕಳ್ಳರಿಗೂ ಬೇಗ ಕಾಣುತ್ತದೆ. ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ಮಳೆಗಾಲ. ಹೊಳೆಗಳ ಕೆಸರು ಬಂದು ನೀರು ಕದಡಿರುತ್ತದೆ, ನಿಮ್ಮ ಪಾದ ನಿಮಗೆ ಕಾಣದಿದ್ದರೆ ದಡದಲ್ಲೇ ಕೂತು ಎಳನೀರು ಕುಡಿಯಿರಿ. ಎಳನೀರಂತೂ ನಮ್ಮೂರಿನಷ್ಟೇ ಧಾರಾಳ.

ಬಂಡೆಯ ಮೇಲೆ ಪಾಚಿ ಇರುತ್ತದೆ, ಸಂದುಗಳಲ್ಲಿ ಮುಳ್ಳಿನ ಕಡಲಚೆಂಡುಗಳು (ಸೀ ಅರ್ಚಿನ್ ಎಂಬ ಜೀವಿಗಳು) ಕೂತಿರುತ್ತವೆ. ಫೋಟೋಕ್ಕಾಗಿ ಬಂಡೆ ಹತ್ತಿ ಹೊರಗಿನ ಅಂಚಿಗೆ ಹೋಗುವುದು ಅಲ್ಲಿ ಸಾಮಾನ್ಯವಾದ ತಪ್ಪು. ಜಾರಿದರೆ ಬೀಳುವುದು ಕಡಲ ಕಡೆಗೆ. ಗಟ್ಟಿ ಅಡಿಯ ರಬ್ಬರ್ ಚಪ್ಪಲಿ, ಹಿಂದೆ ಪಟ್ಟಿಯಿರುವುದು, ಹೊಂಡದೊಳಗೂ ಕಾಲಲ್ಲಿರಲಿ. ಕಲ್ಲು ತರಚಿ ರಕ್ತ ಬಂದರೆ ಆ ದಿನದ ಸ್ನಾನ ಮುಗಿಯಿತು. ಭೂಮಧ್ಯರೇಖೆಗೆ 8 ಡಿಗ್ರಿ ದಕ್ಷಿಣದ ಊರು, ಗಾಳಿ ತಂಪಾಗಿ ಬೀಸುವುದರಿಂದ ಬಿಸಿಲು ಸುಡುವುದು ತಿಳಿಯುವುದಿಲ್ಲ. ತುಂಬುತೋಳಿನ ಅಂಗಿಯಲ್ಲೇ ನೀರಿಗಿಳಿಯಿರಿ. ಮಧ್ಯಾಹ್ನ ಇಳಿಮುಖವಾದಂತೆ ಕಟ್ಟಡಗಳ ನೆರಳು ಮರಳಿನ ಮೇಲೆ ಬೀಳುತ್ತದೆ, ನಡಿಗೆಗೆ ಆ ಹೊತ್ತು ಒಳ್ಳೆಯದು. ಕತ್ತಲಾದ ಮೇಲೆ ಮರಳಿನ ಮೇಲಲ್ಲ, ದೀಪವಿರುವ ಕಾಲುದಾರಿಯಲ್ಲೇ ಇರಿ.

ಯಾರಿಗಾದರೂ ಕಚ್ಚಿದರೆ ನಿಮಿಷಗಳ ಲೆಕ್ಕ. ನೀರಿನಿಂದ ಹೊರತೆಗೆದ ಕೂಡಲೇ ಗಾಯದ ಮೇಲೆ ಬಟ್ಟೆಯಿಟ್ಟು ಪೂರ್ತಿ ಭಾರ ಹಾಕಿ ಒತ್ತಬೇಕು. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕೂ ಎದೆಗೂ ನಡುವೆ, ಕೀಲಿನ ಮೇಲಲ್ಲದೆ, ಅಗಲವಾದ ಪಟ್ಟಿಯಿಂದ ಬಿಗಿದು ಕಟ್ಟಬೇಕು, ಕಟ್ಟಿದ ಸಮಯವನ್ನು ಗುರುತು ಹಾಕಬೇಕು. ಬಟ್ಟೆ ತೆಗೆದು ಗಾಯ ನೋಡುವ ಕುತೂಹಲ ಬೇಡ. ಅಗ್ನಿಶಾಮಕ ರಕ್ಷಣಾ ದಳ 193, ಆಂಬುಲೆನ್ಸ್ 192.

ಭಾರತಕ್ಕೆ ಮರಳುವವರಿಗೆ ಒಂದು ಮಾತು: ಬ್ರೆಜಿಲ್‌ನಿಂದ ಬರುವವರ ಬಳಿ ಹಳದಿ ಜ್ವರದ ಲಸಿಕೆ ಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಪತ್ರಕ್ಕೆ ಮಾನ್ಯತೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ.

ಪ್ರವಾಸ ಪುರವಣಿಯಲ್ಲಿ ಇನ್ನೊಮ್ಮೆ ಆ ಹೊಂಡಗಳ ಚಿತ್ರ ಅಚ್ಚಾಗುವಾಗ, ಅದರ ಕೆಳಗೆ ಇಷ್ಟನ್ನು ದಯವಿಟ್ಟು ಸೇರಿಸಿ: ಚಿತ್ರ ತೆಗೆದದ್ದು ಇಳಿತದ ಹೊತ್ತಿನಲ್ಲಿ, ನೀರಿಗಿಳಿಯುವುದು ಬಂಡೆ ಹೊರಗೆ ಕಾಣುವಾಗ, ಬಂಡೆಯ ಈಚೆ, ಸೊಂಟದವರೆಗೆ ಮಾತ್ರ. ಪ್ರವಾಸ ಸಂಸ್ಥೆಗಳೂ ‘ಮಧ್ಯಾಹ್ನ ಊಟದ ನಂತರ ಬೀಚ್’ ಎಂದು ಕಾರ್ಯಕ್ರಮ ಬರೆಯುವ ಮೊದಲು ಆ ದಿನದ ಇಳಿತದ ಗಂಟೆಯನ್ನು ಅದೇ ಹಾಳೆಯಲ್ಲಿ ನಮೂದಿಸಲಿ.

ಇಂತಿ,
ನಿಮ್ಮ ಓದುಗ