ಫಿಲ್ಟರ್ ಗೂಡಿನಲ್ಲಿ ಮೀನು ಸಿಕ್ಕಿಕೊಂಡರೆ

ಸದಸ್ಯರೇ, ನಿನ್ನೆ ರಾತ್ರಿ ನಮ್ಮ ಬೆಟ್ಟಾ ಮೀನು ತೊಟ್ಟಿಯಲ್ಲಿ ಕಾಣಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಫಿಲ್ಟರ್ ಗೂಡಿನಲ್ಲಿ, ಸ್ಪಂಜಿಗೂ ಗಾಜಿಗೂ ನಡುವೆ, ನೀಲಿ ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು. ಜೀವವೇ ಬಾಯಿಗೆ ಬಂದಂತಾಯಿತು.

ನಿಮ್ಮಲ್ಲೂ ಹೀಗಾದರೆ ಮೊದಲು ಪ್ಲಗ್ ಕಿತ್ತುಬಿಡಿ. ಮೋಟಾರ್ ಓಡುತ್ತಿರುವಾಗ ಕೈ ಹಾಕಲೇಬೇಡಿ. ಬಾಲ ಹಿಡಿದು ಎಳೆದರೆ ರೆಕ್ಕೆ ಹರಿಯುತ್ತದೆ. ಸ್ಪಂಜನ್ನು ನಿಧಾನವಾಗಿ ಮೇಲೆತ್ತಿ, ಸಣ್ಣ ಲೋಟ ಇಳಿಸಿ, ನೀರಿನ ಸಮೇತ ಮೀನನ್ನು ಎತ್ತಿಕೊಳ್ಳಿ. ಬೆಟ್ಟಾ ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡುವ ಮೀನು, ಆದ್ದರಿಂದ ಬೇಗನೆ ಆಸೆ ಬಿಡಬೇಡಿ. ನಮ್ಮದು ಹರಿದ ರೆಕ್ಕೆಯಲ್ಲೇ ಈಜಾಡುತ್ತಿದೆ; ಶುಭ್ರ ನೀರಿನಲ್ಲಿ ಅದು ಮತ್ತೆ ಬೆಳೆಯುತ್ತದೆ.

ಫಿಲ್ಟರನ್ನು ಮರೆಯದೆ ಮತ್ತೆ ಚಾಲೂ ಮಾಡಿ, ಸ್ಪಂಜಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಹರಿಯುವ ನೀರು ಬೇಕು. ನೀರು ಒಳಹೋಗುವ ಕಿಂಡಿಗೆ ಇಂದೇ ಒರಟು ಸ್ಪಂಜಿನ ತುಂಡು ಕೂರಿಸಿ.