ಮಕ್ಕಳು ಮುಟ್ಟಿ ನೋಡಲಿ, ಬಿಡಿ

ಮಾನ್ಯರೇ,

ಮಕ್ಕಳನ್ನು ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗುವವರಲ್ಲಿ ಒಂದು ಮನವಿ: ದಯವಿಟ್ಟು ಅವಸರ ಮಾಡಬೇಡಿ. ತಿರುಗುವ ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ತೂಕ ಹಿಡಿದು ಸುತ್ತುವ ಮಗುವನ್ನು ಗಮನಿಸಿ. ಕೈ ಚಾಚಿದರೆ ವೇಗ ಕಡಿಮೆ. ಎದೆಗೆ ಎಳೆದುಕೊಂಡರೆ ಗಿರ್ರನೆ ಜಾಸ್ತಿ. ಮಗು ಮತ್ತೆ ಚಾಚುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಕೋನೀಯ ಸಂವೇಗ (ತಿರುಗುವ ವಸ್ತುವಿನ ಸುತ್ತುವ ಚಲನೆಯ ಅಳತೆ) ಅನ್ನೋ ಪದ ಆಮೇಲೆ ಬಂದರೂ ಸಾಕು. ಅಷ್ಟರಲ್ಲೇ ‘ಮುಂದೆ ನಡೀರಿ’ ಎಂದು ಕೂಗಿದರೆ ಹೇಗೆ?

1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯ ತೆರೆದದ್ದೇ ಜನ ಮುಟ್ಟಿ, ತಿರುಗಿಸಿ ನೋಡಲಿ ಎಂದು. ಅಲ್ಲಿ ಪ್ರೌಢಶಾಲೆಯ ಹುಡುಗ ಹುಡುಗಿಯರನ್ನೇ ಸಂಬಳ ಕೊಟ್ಟು ವಿವರಣೆಕಾರರಾಗಿ ಇಟ್ಟುಕೊಂಡರು. ನನಗೆ ತುಂಬಾ ಹಿಡಿಸಿದ್ದು ಇದೇ. ಇನ್ನೊಬ್ಬರಿಗೆ ಹೇಳಿಕೊಡುವಾಗಲೇ ನಮಗೂ ಸರಿಯಾಗಿ ಅರ್ಥವಾಗೋದು, ಅಲ್ವಾ?

ಎಲ್ಲ ವಿಜ್ಞಾನ ಕೇಂದ್ರಗಳೂ ಅಕ್ಕಪಕ್ಕದ ಶಾಲೆಯ ಮಕ್ಕಳಿಗೆ ಈ ಅವಕಾಶ ಕೊಡಲಿ. ರಿಪೇರಿ ಬಲ್ಲ ಮೆಕ್ಯಾನಿಕ್‌ಗಳನ್ನು, ನಿವೃತ್ತ ಶಿಕ್ಷಕರನ್ನು ಕರೆಯಲಿ. ಕೆಟ್ಟು ನಿಂತ ಮಾದರಿಗೆ ಸುಮ್ನೆ ‘ಮುಟ್ಟಬೇಡಿ’ ಎಂಬ ಚೀಟಿ ಅಂಟಿಸುವ ಬದಲು, ಅದನ್ನು ಮಕ್ಕಳ ಎದುರೇ ಬಿಚ್ಚಿ ಸರಿಪಡಿಸಲಿ.

– ಒಬ್ಬ ಓದುಗ